ಬೇಸ್ ಗಿಟಾರಿಗೆ ಫ್ಲ್ಯಾಟ್ ತಂತಿಯೋ, ರೌಂಡ್ ತಂತಿಯೋ: ಆರಿಸೋದರಿಂದ ಹಾಕೋ ತನಕ

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಚಿಕ್ಕ ಕನ್ನಡ ಆರ್ಕೆಸ್ಟ್ರಾದಲ್ಲಿ ನಾನು ಬೇಸ್ ನುಡಿಸುತ್ತೇನೆ. ಗಣೇಶನ ಹಬ್ಬ, ನವೆಂಬರ್‌ನ ರಾಜ್ಯೋತ್ಸವ, ಮಧ್ಯೆ ಮಧ್ಯೆ ಮದುವೆ. ಹಳೆಯ ಸಿನಿಮಾ ಹಾಡುಗಳೇ ಜಾಸ್ತಿ. ಒಂದು ದಿನ ರಿಹರ್ಸಲ್ ಮುಗಿದ ಮೇಲೆ ನಮ್ಮ ಗಾಯಕಿ ಹತ್ತಿರ ಬಂದು, "ಅಣ್ಣಾ, ನಿಮ್ಮ ಬೇಸಿನಾಗ ಏನೋ ಕೀಚ್ ಕೀಚ್ ಅಂತದ. ನಾ ಪಲ್ಲವಿ ಎತ್ತೋವಾಗ ಅಡ್ಡ ಬರ್ತದ" ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಬೆರಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ತಂತಿ ಕಿರುಚುತ್ತಿತ್ತು. ಮನೆಯಲ್ಲಿ ಒಬ್ಬನೇ ಕೂತು ನುಡಿಸುವಾಗ ಅದೇ ತಂತಿಯ ಮಿಂಚುವ ದನಿ ನನಗೆ ತುಂಬಾ ಇಷ್ಟ. ಹಾಗಾಗಿ ಆ ಕಿರುಚು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಅವತ್ತಿನಿಂದ ತಂತಿಗಳ ಬಗ್ಗೆ ಕಲಿತದ್ದನ್ನೆಲ್ಲ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ಒಂದು ಮಾತು. ತಂತಿಯನ್ನು ನೀವು ನುಡಿಸುವ ಜಾಗದಲ್ಲಿ ಕೂತು ಆರಿಸಬೇಡಿ. ಹಾಲ್‌ನಲ್ಲಿ ಕೂತು ಕೇಳುವವರ ಕುರ್ಚಿಯಿಂದ ಆರಿಸಿ. ಒಬ್ಬರೇ ಇದ್ದಾಗ ಚೆನ್ನಾಗಿ ಕೇಳುವ ತಂತಿ ತಂಡದಲ್ಲಿ ಅಡ್ಡ ಬರಬಹುದು. ಒಬ್ಬರೇ ಇದ್ದಾಗ ಮಂಕಾಗಿ ಕೇಳುವ ತಂತಿ ತಂಡದಲ್ಲಿ ಗಟ್ಟಿಯಾಗಿ ಕೂರಬಹುದು.

ಹೆಜ್ಜೆ 1: ಈಗ ಹಾಕಿರೋದು ಯಾವ ತಂತಿ?

ಹೆಬ್ಬೆರಳಿನ ಉಗುರನ್ನು ಎಲ್ಲಕ್ಕಿಂತ ದಪ್ಪನೆಯ ಇ ತಂತಿಯ ಮೇಲಿಟ್ಟು ಉದ್ದಕ್ಕೆ ಎಳೆಯಿರಿ. ಬ್ಯಾಗಿನ ಜಿಪ್ ಎಳೆದ ಹಾಗೆ 'ಝಿರ್ರ್' ಅಂದರೆ ಅದು ರೌಂಡ್‌ವೌಂಡ್. ಸ್ಟೀಲ್ ಚಮಚದ ಹಿಡಿ ಸವರಿದ ಹಾಗೆ ನುಣ್ಣಗಿದ್ದರೆ ಫ್ಲ್ಯಾಟ್‌ವೌಂಡ್. ಕಾರ್ಖಾನೆಯಿಂದ ಬರುವ ಹೆಚ್ಚಿನ ಬೇಸ್‌ಗಳಲ್ಲಿ ರೌಂಡ್ ತಂತಿಯೇ ಇರುತ್ತದೆ. ಹಳೆಯ ಗಿಟಾರ್ ಕೊಂಡಿದ್ದರೆ ಮಾತ್ರ ನೋಡಲೇಬೇಕು. ಎಷ್ಟೋ ವರ್ಷದ ರೌಂಡ್ ತಂತಿ ಕೊಳೆ ತುಂಬಿ ಫ್ಲ್ಯಾಟ್‌ನ ಹಾಗೆ ಮಂಕಾಗಿ ಕೇಳುವುದೂ ಉಂಟು. ಕಿವಿ ಮೋಸ ಹೋಗಬಹುದು, ಉಗುರು ಹೋಗುವುದಿಲ್ಲ.

ಹೆಜ್ಜೆ 2: ಒಳಗೆ ಏನಿದೆ ತಿಳಿದುಕೊಳ್ಳಿ

ಎರಡರಲ್ಲೂ ನಡುವೆ ಒಂದು ಸ್ಟೀಲ್ ಎಳೆ ಇರುತ್ತದೆ. ಅದರ ಸುತ್ತ ಇನ್ನೊಂದು ಎಳೆಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಹೊರಗೆ ಸುತ್ತಿದ ಎಳೆ ದುಂಡಗಿದ್ದರೆ ರೌಂಡ್. ಅದು ಚಪ್ಪಟೆ ಪಟ್ಟಿಯಾಗಿದ್ದರೆ ಫ್ಲ್ಯಾಟ್. ಇರುವ ವ್ಯತ್ಯಾಸ ಇಷ್ಟೇ. ಆದರೆ ಈ ಸಣ್ಣ ವ್ಯತ್ಯಾಸದಿಂದ ದನಿ, ಬೆರಳಿಗೆ ಸಿಗುವ ಅನುಭವ, ತಂತಿಯ ಆಯುಸ್ಸು ಎಲ್ಲವೂ ಬದಲಾಗುತ್ತದೆ.

ದನಿಯ ವ್ಯತ್ಯಾಸ ಹೇಳಲು ನನಗೆ ತಂಬೂರಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ನಮ್ಮ ಮನೆಯಲ್ಲಿ ಮಿರಜಿನಲ್ಲಿ ಮಾಡಿದ ಒಂದು ತಂಬೂರಿ ಇತ್ತು. ಅದರ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ಹತ್ತಿ ದಾರ ಇಡುತ್ತಾರಲ್ಲ, ಜವಾರಿ ತೆರೆಯಲು. ದಾರ ಸರಿಯಾದ ಜಾಗಕ್ಕೆ ಬಂದ ತಕ್ಷಣ ಸ್ವರ ಬಿಚ್ಚಿಕೊಳ್ಳುತ್ತದೆ, ಮೇಲಿನ ಸ್ವರಗಳೆಲ್ಲ ಜೇನ್ನೊಣದ ಹಾಗೆ ಗುಂಯ್‌ಗುಡುತ್ತವೆ. ದಾರ ತೆಗೆದರೆ ಬರೀ ಮೂಲ ಸ್ವರ ದುಂಡಗೆ, ಮೆತ್ತಗೆ ಉಳಿಯುತ್ತದೆ. ರೌಂಡ್ ತಂತಿ ಜವಾರಿ ತೆರೆದ ತಂಬೂರಿಯ ಹಾಗೆ. ಫ್ಲ್ಯಾಟ್ ತಂತಿ ದಾರ ತೆಗೆದ ತಂಬೂರಿಯ ಹಾಗೆ. ಮೀಟಿದ ಕ್ಷಣಕ್ಕೆ ಒಂದು 'ಧುಮ್', ಆಮೇಲೆ ಬೇಗ ತಣ್ಣಗಾಗುವ ಸ್ವರ.

ಬೇಸ್ ಗಿಟಾರಿನ ಇತಿಹಾಸದಲ್ಲಿ ಫ್ಲ್ಯಾಟ್ ಮೊದಲು ಬಂತು. ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಅದರಲ್ಲಿ ಇದ್ದದ್ದು ಫ್ಲ್ಯಾಟ್ ತಂತಿ. ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲ್ಯಾಟ್ ತಂತಿಗಳ ಮೇಲೆ, ಬಲಗೈಯ ಒಂದೇ ಬೆರಳಿನಲ್ಲಿ. ತಂತಿ ತುಂಡಾಗುವ ತನಕ ಬದಲಾಯಿಸುತ್ತಿರಲಿಲ್ಲವಂತೆ. 1960ರ ದಶಕದಲ್ಲಿ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿಯ ಜೇಮ್ಸ್ ಹೌ, ದಿ ಹೂ ತಂಡದ ಜಾನ್ ಎಂಟ್‌ವಿಸಲ್ ಜೊತೆ ಕೂತು ರೌಂಡ್ ತಂತಿಯನ್ನು ರೂಪಿಸಿದರು. ಎಂಟ್‌ವಿಸಲ್‌ಗೆ ಪಿಯಾನೋದ ಹಾಗೆ ಝಣಝಣಿಸುವ ಬೇಸ್ ಬೇಕಿತ್ತು. ಆಮೇಲೆ ರಾಕ್, ಫಂಕ್ ಎಲ್ಲದರಲ್ಲೂ ರೌಂಡ್ ತಂತಿಯೇ ಮಾಮೂಲಿಯಾಯಿತು.

'ಈ ಬಗೆಯ ಸಂಗೀತಕ್ಕೆ ಈ ತಂತಿ' ಎಂಬ ಗೆರೆ ಮಾತ್ರ ಗಟ್ಟಿಯಾಗಿಲ್ಲ. ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಹೆವಿ ಮೆಟಲ್ ನುಡಿಸುತ್ತಾರೆ, ಅವರ ಬೇಸ್‌ನಲ್ಲಿ ಇರೋದು ಫ್ಲ್ಯಾಟ್. ಜಾಝ್ ವಾದಕ ಜಾಕೊ ಪಾಸ್ಟೋರಿಯಸ್ ಫ್ರೆಟ್ (ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಇಲ್ಲದ ಬೇಸ್‌ಗೆ ರೌಂಡ್ ಹಾಕಿದರು. ಮರ ಸವೆಯಬಾರದೆಂದು ಬೆರಳು ಹಲಗೆಗೆ ಎಪಾಕ್ಸಿ ಬಳಿದರು. ಹಾಗಾಗಿ ಪಟ್ಟಿ ನೋಡಿ ತಂತಿ ಕೊಳ್ಳುವುದಕ್ಕಿಂತ ನಿಮ್ಮ ಹಾಡುಗಳನ್ನೇ ಕೇಳಿ ನಿರ್ಧಾರ ಮಾಡಿ.

ಹೆಜ್ಜೆ 3: ನಿಮ್ಮ ಹತ್ತು ಹಾಡುಗಳನ್ನು ಬರೆದಿಡಿ

ತಂಡ ಅತಿ ಹೆಚ್ಚು ನುಡಿಸುವ ಹತ್ತು ಹಾಡುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಒಂದೊಂದರ ಮುಂದೆಯೂ ಬೇಸ್ ಅಲ್ಲಿ ಏನು ಕೆಲಸ ಮಾಡುತ್ತದೆ ಅಂತ ಗುರುತು ಹಾಕಿ. ತಾಳದ ಜೊತೆ ನೆಲ ಹಿಡಿದು ನಿಲ್ಲುತ್ತದೆಯೋ? ಹಾಡಿನ ಪಕ್ಕದಲ್ಲಿ ಇನ್ನೊಂದು ರಾಗವಾಗಿ ಹರಿಯುತ್ತದೆಯೋ? ಅಥವಾ ಸ್ಲ್ಯಾಪ್ ಮಾಡಿ, ಅಂದರೆ ಹೆಬ್ಬೆರಳಿನಿಂದ ತಂತಿಗೆ ಬಡಿದು, ಮುಂದೆ ಬಂದು ಕುಣಿಯುತ್ತದೆಯೋ?

ನೆಲ ಹಿಡಿಯುವ ಹಾಡುಗಳೇ ಜಾಸ್ತಿ ಇದ್ದರೆ ಫ್ಲ್ಯಾಟ್ ಕಡೆ ವಾಲಿ. ರಾಜನ್ ನಾಗೇಂದ್ರ, ಜಿ.ಕೆ. ವೆಂಕಟೇಶ್ ಅವರ ಕಾಲದ ನಿಧಾನದ ಹಾಡುಗಳಿಗೆ ಫ್ಲ್ಯಾಟ್‌ನ ದುಂಡು ದನಿ ಬಹಳ ಚೆನ್ನಾಗಿ ಹೊಂದುತ್ತದೆ ಅಂತ ನನ್ನ ಅನುಭವ. ಸ್ಲ್ಯಾಪ್ ಇರುವ ಹಾಡು ಎರಡಕ್ಕಿಂತ ಜಾಸ್ತಿ ಇದ್ದರೆ ರೌಂಡ್ ಬಿಡಬೇಡಿ. ಫ್ಲ್ಯಾಟ್ ಮೇಲೂ ಸ್ಲ್ಯಾಪ್ ಮಾಡಬಹುದು, ಆದರೆ ಆ ಚಟಾರ್ ಎಂಬ ಸದ್ದು ಬರುವುದಿಲ್ಲ.

ಕಷ್ಟ ಇರೋದು ನಡುವಿನ ಬಗೆಯಲ್ಲಿ. 1980ರ ದಶಕದ ಇಳಯರಾಜಾ ಹಾಡುಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ಬೇಸ್ ಸುಮ್ನೆ ಹಿಂದೆ ನಿಲ್ಲುವುದಿಲ್ಲ. ಹಾಡುವವರ ಜೊತೆ ಮಾತಿಗೆ ಮಾತು ಕೊಡುತ್ತಾ ಮೇಲೆ ಕೆಳಗೆ ಓಡಾಡುತ್ತದೆ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು. ಇಂಥ ಹಾಡುಗಳಿಗೆ ತೀರಾ ಮಂಕಾದ ಫ್ಲ್ಯಾಟ್ ಹಾಕಿದರೆ ಸೊಗಸೆಲ್ಲ ಮಣ್ಣುಪಾಲು. ಡ್ಯಾಡಾರಿಯೋ ಕ್ರೋಮ್ಸ್‌ನಂಥ ಸ್ವಲ್ಪ ಹೊಳಪಿರುವ ಫ್ಲ್ಯಾಟ್, ಇಲ್ಲವೇ ಕೆಲವು ತಿಂಗಳು ಪಳಗಿದ, ನಿಕಲ್ ಲೇಪಿಸಿದ ರೌಂಡ್ ಇಲ್ಲಿ ಸರಿಹೊಂದುತ್ತದೆ.

ನಮ್ಮ ಕಡೆಯ ಆರ್ಕೆಸ್ಟ್ರಾಗಳಿಗೆ ಇನ್ನೊಂದು ಲೆಕ್ಕ ಇದೆ. ಪರದೇಶದ ತಂಡಗಳಲ್ಲಿ ಬೇಸ್ ಪಕ್ಕದಲ್ಲಿ ಇರೋದು ಡ್ರಮ್ಸ್. ನಮ್ಮ ಪಕ್ಕದಲ್ಲಿ ತಬಲಾ, ಢೋಲಕ್, ಆಕ್ಟೋಪ್ಯಾಡ್ ಎಂಬ ಎಲೆಕ್ಟ್ರಾನಿಕ್ ತಾಳವಾದ್ಯ. ತಬಲಾದ ಎಡ ಭಾಗವಾದ ಡಗ್ಗದ ಮೇಲೆ ಅಂಗೈ ಒತ್ತಿದಾಗ ಸ್ವರ ಜಾರುತ್ತದಲ್ಲ, ಆ 'ಘೇ' ಎಂಬ ದನಿ ಬೇಸ್ ಇರುವ ಜಾಗದಲ್ಲೇ ಓಡಾಡುತ್ತದೆ. ಉದ್ದಕ್ಕೆ ಗುಂಯ್‌ಗುಡುವ ರೌಂಡ್ ತಂತಿ ಅದರ ಮೇಲೆ ಹರಡಿಕೊಂಡರೆ ಎರಡೂ ಕಲಸಿ ರಾಡಿಯಾಗುತ್ತದೆ. ಫ್ಲ್ಯಾಟ್‌ನ ಸ್ವರ ಬೇಗ ಮುಗಿದು ಡಗ್ಗಕ್ಕೆ ಜಾಗ ಬಿಡುತ್ತದೆ. ನಮ್ಮ ಢೋಲಕ್ ನುಡಿಸುವವರು ಇದನ್ನು ನನಗಿಂತ ಮೊದಲೇ ಗಮನಿಸಿದ್ದರು.

ಹೆಜ್ಜೆ 4: ದುಡ್ಡು ಹಾಕುವ ಮೊದಲು ಸ್ಪಂಜ್ ಪರೀಕ್ಷೆ

ಫ್ಲ್ಯಾಟ್ ತಂತಿ ಅಗ್ಗವಲ್ಲ. ಸಾಧಾರಣ ರೌಂಡ್ ಸೆಟ್‌ನ ಎರಡರಷ್ಟು, ಕೆಲವು ಸಲ ಅದಕ್ಕೂ ಜಾಸ್ತಿ. ಆದ್ದರಿಂದ ಮೊದಲು ಇರುವ ರೌಂಡ್ ತಂತಿಯಲ್ಲೇ ಆ ದನಿಯ ಹತ್ತಿರ ಹೋಗಿ ನೋಡಿ.

ಪಾತ್ರೆ ತೊಳೆಯುವ ಹೊಸ ಸ್ಪಂಜ್ ತಗೊಳ್ಳಿ. ಒರಟು ಹಸಿರು ಪದರ ಬೇಡ, ಮೆತ್ತನೆಯ ಭಾಗ ಮಾತ್ರ. ನಾಲ್ಕೂ ತಂತಿಯ ಅಗಲಕ್ಕೆ, ಒಂದು ಬೆರಳು ದಪ್ಪಕ್ಕೆ ಕತ್ತರಿಸಿ ಬ್ರಿಡ್ಜ್ (ತಂತಿಗಳು ಗಿಟಾರಿನ ಮೈಮೇಲೆ ಕೂರುವ ಲೋಹದ ತುಂಡು) ಪಕ್ಕದಲ್ಲಿ ತಂತಿಗಳ ಕೆಳಗೆ ತೂರಿಸಿ. ತಂತಿಯನ್ನು ಮೇಲಕ್ಕೆ ಎತ್ತುವಷ್ಟು ದಪ್ಪ ಇರಬಾರದು, ಸುಮ್ನೆ ತಾಗಿದರೆ ಸಾಕು. ಟೋನ್ ನಾಬ್ ಪೂರ್ತಿ ಇಳಿಸಿ, ಆಮೇಲೆ ಕಾಲು ಭಾಗ ಏರಿಸಿ. ಇದರಲ್ಲಿ ನಾಟಕವೇನಿಲ್ಲ. ಹಳೆಯ ಫೆಂಡರ್ ಬೇಸ್‌ಗಳ ಬ್ರಿಡ್ಜ್ ಮುಚ್ಚಳದ ಒಳಗೇ ಇಂಥ ಫೋಮ್ ಇರುತ್ತಿತ್ತು.

ಈಗ ತಂಡದ ಜೊತೆ ನಾಲ್ಕು ಹಾಡು ನುಡಿಸಿ. ಉದ್ದದ ಕೇಬಲ್ ಹಾಕಿಕೊಂಡು ನುಡಿಸುತ್ತಲೇ ಹಾಲ್‌ನ ಹಿಂದಿನ ಸಾಲಿಗೆ ನಡೆದು ಹೋಗಿ. ಅಲ್ಲಿಂದ ಕೇಳಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದರೆ ಬೆರಳಿನ ಕಿರುಚು ಗೊತ್ತಾಗುತ್ತದೆ, ಆದರೆ ಕೆಳಗಿನ ಸ್ವರಗಳ ತೂಕ ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ನಿಮ್ಮ ಕಿವಿಯೇ ಬೇಕು.

ಸ್ಪಂಜ್ ಇಟ್ಟ ದನಿ ಹಾಡಿಗೆ ಹಿತವಾಗಿದ್ದರೆ ಫ್ಲ್ಯಾಟ್ ನಿಮಗೆ ಒಗ್ಗುತ್ತದೆ. ಇಡೀ ಹಾಡಿನಲ್ಲಿ ಏನೋ ಕಳೆದುಹೋದ ಹಾಗೆ ಅನಿಸಿದರೆ ರೌಂಡ್‌ನಲ್ಲೇ ಇರಿ. ಕಿರುಚು ಒಂದೇ ತೊಂದರೆ, ಉಳಿದದ್ದೆಲ್ಲ ಇಷ್ಟ ಅನ್ನುವವರಿಗೆ ಹಾಫ್ ರೌಂಡ್ ಇದೆ. ದುಂಡು ಎಳೆ ಸುತ್ತಿ, ಮೇಲ್ಮೈಯನ್ನು ಉಜ್ಜಿ ನುಣುಪು ಮಾಡಿದ ತಂತಿ ಅದು. ದನಿಯೂ ನಡುವಿನದು.

ಹೆಜ್ಜೆ 5: ಸ್ಪೀಕರ್ ಏನು ಹೇಳುತ್ತದೆ?

ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬೇಸ್‌ನ ಎಲ್ಲೂ ಒತ್ತದೆ ಬಿಟ್ಟ ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಎ ತಂತಿ 55, ಡಿ ಸುಮಾರು 73, ಜಿ 98. ಸೊಸೈಟಿ ಹಾಲ್‌ಗಳಲ್ಲಿ, ಗಣೇಶನ ಪೆಂಡಾಲ್‌ಗಳಲ್ಲಿ ಸಿಗುವ ಚಿಕ್ಕ ಸ್ಪೀಕರ್‌ಗಳಿಗೆ 41ರಷ್ಟು ಕೆಳಗೆ ಇಳಿಯುವ ಶಕ್ತಿ ಇರುವುದಿಲ್ಲ. ಅಲ್ಲಿ ನಾವು ಕೇಳುವ ಇ ಸ್ವರ ನಿಜವಾಗಿ ಅದರ ಮೇಲಿನ 82, 123ರ ಕಂಪನಗಳು. ಮೂಲ ಸ್ವರವನ್ನು ನಮ್ಮ ಕಿವಿ ತಾನೇ ಕಟ್ಟಿಕೊಳ್ಳುತ್ತದೆ.

ಫ್ಲ್ಯಾಟ್ ತಂತಿಯಲ್ಲಿ ಮೇಲಿನ ಕಂಪನಗಳು ಕಡಿಮೆ. ಹಾಗಾಗಿ ಚಿಕ್ಕ ಸ್ಪೀಕರ್‌ನಲ್ಲಿ ಬೇಸ್ ಮಾಯವಾಗಿಬಿಡಬಹುದು. ನನಗೆ ಇದು ಆಗಿದೆ. ಫ್ಲ್ಯಾಟ್ ಹಾಕಿದ ಮೊದಲ ಕಾರ್ಯಕ್ರಮದಲ್ಲಿ ಎರಡು ಚಿಕ್ಕ ಕಂಬದ ಸ್ಪೀಕರ್ ಮಾತ್ರ ಇತ್ತು. ಒಳ್ಳೆಯ ಆಂಪ್ ಮುಂದೆ ತುಂಬು ದನಿ ಕೊಟ್ಟಿದ್ದ ಬೇಸ್ ಅಲ್ಲಿ ಪಕ್ಕದ ಮನೆಯಲ್ಲಿ ಯಾರೋ ನುಡಿಸಿದ ಹಾಗೆ ಕೇಳುತ್ತಿತ್ತು. ಕೆಳಗಿನ ಕಂಪನಗಳನ್ನು ಏರಿಸಿದರೆ ಸ್ಪೀಕರ್ ಬಡಬಡ ಅಂದಿತು. ಆಮೇಲೆ ಕೆಳಗಿನದನ್ನು ಇಳಿಸಿ, ನಡುವಿನದನ್ನು, ಅಂದರೆ 700ರಿಂದ 900 ಹರ್ಟ್ಸ್ ಸುತ್ತಮುತ್ತ, ಸ್ವಲ್ಪ ಏರಿಸಿದೆ. ಬೇಸ್ ವಾಪಸ್ ಬಂತು.

ನಿಮ್ಮ ಕಾರ್ಯಕ್ರಮಗಳಲ್ಲಿ ದೊಡ್ಡ ಸಬ್‌ವೂಫರ್ ಸಿಗುತ್ತದಾ, ಚಿಕ್ಕ ಡಬ್ಬ ಸಿಗುತ್ತದಾ ಎಂದು ನೋಡಿಕೊಳ್ಳಿ. ಬರೀ ಚಿಕ್ಕ ಡಬ್ಬಗಳೇ ಆದರೆ, ನನ್ನ ಸಲಹೆ ಕೇಳುವುದಾದರೆ, ನಿಕಲ್ ರೌಂಡ್ ಇಟ್ಟುಕೊಂಡು ಟೋನ್ ಇಳಿಸಿ ನುಡಿಸಿ.

ಹೆಜ್ಜೆ 6: ಬೆರಳು, ಫ್ರೆಟ್, ಬೆವರು

ರೌಂಡ್ ತಂತಿ ಬೆರಳಿಗೆ ಒರಟು. ಗಂಟೆಗಟ್ಟಲೆ ನುಡಿಸುವವರಿಗೆ ಚರ್ಮ ಉರಿಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಫ್ಲ್ಯಾಟ್ ನುಣುಪು. ಆದರೆ ಫ್ಲ್ಯಾಟ್ ಬಿಗಿ ಜಾಸ್ತಿ, ಹಾಗಾಗಿ ಎಡಗೈಗೆ ಬೇರೆ ಥರದ ಕೆಲಸ. ಬೆವರುವ ಕೈಗೆ ಕೆಲವು ಫ್ಲ್ಯಾಟ್‌ಗಳು ಶುರುವಿನಲ್ಲಿ ಅಂಟಂಟು ಅನಿಸುತ್ತವೆ, ಕೆಲವು ವಾರದಲ್ಲಿ ಸರಿಹೋಗುತ್ತದೆ.

ಫ್ರೆಟ್ ಸವೆಯುವ ಮಾತು. ಸ್ಟೇನ್‌ಲೆಸ್ ಸ್ಟೀಲ್ ರೌಂಡ್ ಎಲ್ಲಕ್ಕಿಂತ ಬೇಗ ಸವೆಸುತ್ತದೆ. ನಿಕಲ್ ಲೇಪಿಸಿದ್ದು ಅದಕ್ಕಿಂತ ಮೃದು. ಫ್ಲ್ಯಾಟ್ ಅತಿ ಕಡಿಮೆ. ಫ್ರೆಟ್ ಇಲ್ಲದ ಬೇಸ್ ಇದ್ದು, ಹಲಗೆಗೆ ಗಟ್ಟಿ ಲೇಪ ಇಲ್ಲದಿದ್ದರೆ ಫ್ಲ್ಯಾಟ್ ಹಾಕಿ. ರೌಂಡ್ ಹಾಕಿ ಜಾರಿಸಿದರೆ ಮರದ ಮೇಲೆ ಅರದಿಂದ ಉಜ್ಜಿದ ಗೆರೆಗಳು ಮೂಡುತ್ತವೆ.

ಇನ್ನು ನಮ್ಮ ಮುಂಬೈ ಹವಾ. ಜುಲೈ ತಿಂಗಳಲ್ಲಿ ಬೇಸ್ ಹೆಗಲಿಗೆ ಹಾಕಿಕೊಂಡು ಲೋಕಲ್ ಟ್ರೇನಿನ ಲಗೇಜ್ ಡಬ್ಬಿಯಲ್ಲಿ ಡೊಂಬಿವಲಿಯಿಂದ ಮಾಟುಂಗಾಕ್ಕೆ ಹೋಗಿ ನೋಡಿ. ಮಳೆ, ಬೆವರು, ಸಮುದ್ರದ ಗಾಳಿ ಮೂರೂ ಬ್ಯಾಗಿನೊಳಗೆ ಇಳಿಯುತ್ತವೆ. ರೌಂಡ್ ತಂತಿಯ ಸುತ್ತುಗಳ ನಡುವೆ ಸಣ್ಣ ಸಣ್ಣ ಕಾಲುವೆಗಳಿವೆ. ಬೆವರು, ಚರ್ಮದ ಕೊಳೆ ಅಲ್ಲಿ ಕೂರುತ್ತದೆ. ಅದರ ಮೇಲೆ ತೇವ ಸೇರಿದರೆ ತಂತಿಯ ಹೊಳಪು ಕೆಲವೇ ವಾರಗಳಲ್ಲಿ ಹೋಗಿಬಿಡುತ್ತದೆ. ಫ್ಲ್ಯಾಟ್‌ನಲ್ಲಿ ಕೊಳೆ ಕೂರಲು ಜಾಗವೇ ಕಡಿಮೆ. ಒರೆಸಿ ಇಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಬೆಲೆ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. ವರ್ಷಕ್ಕೆ ಎರಡು ಮೂರು ರೌಂಡ್ ಸೆಟ್ ಕೊಳ್ಳುವವರಿಗೆ ದುಬಾರಿ ಫ್ಲ್ಯಾಟ್ ಕೊನೆಗೆ ಅಗ್ಗವೇ ಆಗುತ್ತದೆ.

ಮಂಕಾದ ರೌಂಡ್ ತಂತಿಯನ್ನು ಕೆಲವರು ಬಿಸಿನೀರಿನಲ್ಲಿ ಕುದಿಸುತ್ತಾರೆ. ಹೊಳಪು ಬರುತ್ತದೆ, ಬೇಗ ಹೋಗುತ್ತದೆ. ಮಳೆಗಾಲದಲ್ಲಿ ಆ ನೀರು ಪೂರ್ತಿ ಒಣಗುವುದು ಕಷ್ಟ, ತುಕ್ಕು ಹಿಡಿಯುತ್ತದೆ. ಫ್ಲ್ಯಾಟ್ ಅನ್ನಂತೂ ಕುದಿಸಲೇಬೇಡಿ.

ಹೆಜ್ಜೆ 7: ದಪ್ಪ, ಬಿಗಿ, ಉದ್ದ

ಪ್ಯಾಕೆಟ್ ಮೇಲಿನ 45, 65, 80, 100 ಎಂಬ ಅಂಕಿಗಳು ಇಂಚಿನ ಸಾವಿರದ ಭಾಗಗಳು. 45 ಅಂದರೆ 1.14 ಮಿಲಿಮೀಟರ್, 100 ಅಂದರೆ 2.54 ಮಿಲಿಮೀಟರ್. ಒಂದೇ ದಪ್ಪದ ರೌಂಡ್ ಮತ್ತು ಫ್ಲ್ಯಾಟ್ ಹಾಕಿದರೆ ಸಾಮಾನ್ಯವಾಗಿ ಫ್ಲ್ಯಾಟ್ ಹೆಚ್ಚು ಬಿಗಿ. ಚಪ್ಪಟೆ ಪಟ್ಟಿಗಳ ನಡುವೆ ಖಾಲಿ ಜಾಗ ಕಡಿಮೆ, ಲೋಹ ಜಾಸ್ತಿ, ತೂಕ ಜಾಸ್ತಿ. ತೂಕದ ತಂತಿಯನ್ನು ಅದೇ ಸ್ವರಕ್ಕೆ ತರಲು ಹೆಚ್ಚು ಎಳೆಯಬೇಕು.

ಈಗ ನೀವು 45ರಿಂದ 105ರ ರೌಂಡ್ ನುಡಿಸುತ್ತಿದ್ದರೆ ಮೊದಲ ಫ್ಲ್ಯಾಟ್ ಸೆಟ್ 45ರಿಂದ 100ರದ್ದು ತಗೊಳ್ಳಿ. ಕೈ ಮೆತ್ತಗಿದ್ದರೆ ಕಡಿಮೆ ಬಿಗಿಯವು ನೋಡಿ. ವಿಯೆನ್ನಾದ ಥೋಮಾಸ್ಟಿಕ್ ಇನ್ಫೆಲ್ಡ್‌ನ ಜಾಝ್ ಫ್ಲ್ಯಾಟ್‌ಗಳು 43ರಿಂದ 100ರವು, ಬಹಳ ಸಡಿಲ, ಬೆಲೆ ಮಾತ್ರ ಮೇಲೆ. ಜೇಮರ್ಸನ್ ಹಾಕುತ್ತಿದ್ದ 52ರಿಂದ 110ರ ಲಾ ಬೆಲ್ಲಾ ಕೊಂಡು ಶುರು ಮಾಡಬೇಡಿ. ಅದು ಕಬ್ಬಿಣದ ಸರಳಿನ ಹಾಗೆ ಇರುತ್ತದೆ, ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಸೀಳಿನಲ್ಲಿ ಕೂರುವುದೂ ಅನುಮಾನ.

ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಎರಡು ಅಳತೆ ತೆಗೆದುಕೊಳ್ಳಿ. ಒಂದು, ನಟ್‌ನಿಂದ ಬ್ರಿಡ್ಜ್‌ನ ಸ್ಯಾಡಲ್ (ತಂತಿ ಒರಗುವ ಚಿಕ್ಕ ತುಂಡು) ತನಕ. ಸಾಮಾನ್ಯ ಬೇಸ್‌ನಲ್ಲಿ ಅದು 34 ಇಂಚು. ಎರಡು, ತಂತಿಯ ತುದಿಯ ಲೋಹದ ಗುಂಡು ಸಿಕ್ಕಿಕೊಳ್ಳುವ ಜಾಗದಿಂದ ನಟ್ ತನಕ. ಫ್ಲ್ಯಾಟ್ ತಂತಿಯ ಶ್ರುತಿ ಕೀಲಿಯ ಕಡೆಯ ತುದಿಗೆ ಸಾಮಾನ್ಯವಾಗಿ ರೇಷ್ಮೆ ದಾರ ಸುತ್ತಿರುತ್ತಾರೆ. ಆ ದಾರ ನಟ್ ದಾಟಿದ ಮೇಲೆಯೇ ಶುರುವಾಗಬೇಕು. ದಾರ ನಟ್ ಮೇಲೋ, ಒಳಗೋ ಬಂದರೆ ಸ್ವರ ಸತ್ತುಹೋಗುತ್ತದೆ. ನಿಮ್ಮ ಬೇಸ್‌ನಲ್ಲಿ ತಂತಿ ಮರದ ಹಿಂಬದಿಯಿಂದ ತೂರಿ ಬರುತ್ತಿದ್ದರೆ ಅದನ್ನು ಅಂಗಡಿಯಲ್ಲಿ ಹೇಳಲೇಬೇಕು. ಎಷ್ಟೋ ಫ್ಲ್ಯಾಟ್‌ಗಳು ಆ ಚೂಪು ತಿರುವನ್ನು ತಡೆಯುವುದಿಲ್ಲ. ಬ್ರಿಡ್ಜ್‌ನಿಂದ ನೇರ ಹಾಕುವ ಅವಕಾಶ ಇದ್ದರೆ ಹಾಗೇ ಹಾಕಿ.

ನಾನು ಹೆಚ್ಚಾಗಿ ಮುಂಬೈನ ಧೋಬಿ ತಲಾವ್‌ಗೆ ಹೋಗುತ್ತೇನೆ. ಗೋವಾದ ಸಂಗೀತಗಾರರು ತಲೆಮಾರುಗಳಿಂದ ಬಂದು ಇಳಿದುಕೊಂಡ ಪೇಟೆ ಅದು, ಫರ್ಟಾಡೋಸ್‌ನಂಥ ಹಳೆಯ ಅಂಗಡಿ ಅಲ್ಲೇ ಇದೆ. ತೂಗುಹಾಕಿದ ಬೇಸ್‌ಗಳಲ್ಲಿ ಯಾವುದಕ್ಕಾದರೂ ಫ್ಲ್ಯಾಟ್ ಇದೆಯಾ ಕೇಳಿ, ಇದ್ದರೆ ಐದು ನಿಮಿಷ ಕೈಯಾಡಿಸಿ.

ಹೆಜ್ಜೆ 8: ಹಾಕುವ ದಿನ

ಕಾರ್ಯಕ್ರಮದ ದಿನ ತಂತಿ ಬದಲಾಯಿಸಬೇಡಿ. ಕಡೇಪಕ್ಷ ಒಂದು ವಾರ ಮೊದಲೇ ಹಾಕಿ. ಹೊಸ ತಂತಿ ಹಿಗ್ಗುತ್ತಾ ಹೋಗುತ್ತದೆ, ಎರಡು ಹಾಡಿಗೊಮ್ಮೆ ಶ್ರುತಿ ಇಳಿಯುತ್ತದೆ.

ನಾಲ್ಕೂ ತಂತಿ ಒಟ್ಟಿಗೆ ಬಿಚ್ಚುವುದಕ್ಕಿಂತ ಒಂದೊಂದೇ ಬದಲಾಯಿಸಿ. ಕತ್ತಿನ ಮೇಲಿನ ಎಳೆತ ಒಮ್ಮೆಲೇ ಹೋಗುವುದಿಲ್ಲ. ಹಳೆಯ ಇ ತಂತಿ ಸಡಿಲಿಸಿ ತೆಗೆಯಿರಿ. ಹೊಸದನ್ನು ಬ್ರಿಡ್ಜ್‌ನಲ್ಲಿ ತೂರಿಸಿ ನೇರವಾಗಿ ಎಳೆಯಿರಿ. ತಂತಿ ತಿರುಚಿಕೊಂಡಿರಬಾರದು, ಇದು ಬಹಳ ಮುಖ್ಯ. ಗುಂಡಿನ ಕಡೆ ಹಿಡಿದು, ಇನ್ನೊಂದು ತುದಿ ತಾನಾಗಿ ಬಿಚ್ಚಿಕೊಳ್ಳಲು ಬಿಡಿ.

ಈಗ ಕತ್ತರಿಸುವ ಕೆಲಸ. ಇಲ್ಲೇ ನಾನು ಒಂದು ತಂತಿ ಹಾಳು ಮಾಡಿಕೊಂಡದ್ದು. ಅಳತೆ ಮಾಡಿ ಇಕ್ಕಳದಿಂದ ಕಟ್ ಅಂತ ನೇರವಾಗಿ ಕತ್ತರಿಸಿದೆ. ಕಣ್ಣೆದುರೇ ಹೊರಗಿನ ಪಟ್ಟಿ ಒಂದು ಸುತ್ತು ಬಿಚ್ಚಿಕೊಂಡಿತು. ಏರಿಸಿ ನುಡಿಸಿದರೆ ಇ ತಂತಿ ತೊಯ್ದ ಹಗ್ಗದ ಹಾಗೆ ದಪ್ ಅಂತು. ಮತ್ತೆ ಸರಿಯಾಗಲೇ ಇಲ್ಲ. ಸರಿಯಾದ ಕ್ರಮ ಹೀಗೆ: ಕೀಲಿಯ ಕಂಬದಿಂದ ಮುಂದೆ ಸುಮಾರು 10ರಿಂದ 12 ಸೆಂಟಿಮೀಟರ್ ಬಿಡಿ. ಅಲ್ಲಿ ಇಕ್ಕಳದಿಂದ ತಂತಿಯನ್ನು ಲಂಬಕೋನಕ್ಕೆ ಮಡಿಸಿ. ಮಡಿಸಿದ ಮೇಲೆ, ಮಡಿಕೆಯಿಂದ ಒಂದು ಬೆರಳು ಆಚೆ ಕತ್ತರಿಸಿ. ಮಡಿಕೆ ಒಳಗಿನ ಎಳೆಯನ್ನೂ ಹೊರಗಿನ ಸುತ್ತನ್ನೂ ಒಟ್ಟಿಗೆ ಹಿಡಿದಿಡುತ್ತದೆ.

ತುದಿಯನ್ನು ಕಂಬದ ನಡುವಿನ ತೂತಿಗೆ ಇಳಿಸಿ, ಎರಡು ಮೂರು ಸುತ್ತು ಮೇಲಿನಿಂದ ಕೆಳಕ್ಕೆ ಬರುವಂತೆ ಸುತ್ತಿ. ಫ್ಲ್ಯಾಟ್ ಆದರೆ ಕಂಬಕ್ಕೆ ಸುತ್ತುವುದು ರೇಷ್ಮೆ ದಾರದ ಭಾಗವೇ ಆಗಿರಲಿ. ಚಪ್ಪಟೆ ಪಟ್ಟಿ ಅಷ್ಟು ಚಿಕ್ಕ ತಿರುವಿನಲ್ಲಿ ಬಾಯಿ ಬಿಡಬಹುದು. ಸ್ವರಕ್ಕೆ ಏರಿಸಿ. ಆಮೇಲೆ ಸ್ಯಾಡಲ್‌ನ ಮುಂದೆ, ನಟ್‌ನ ಮುಂದೆ ಹೆಬ್ಬೆರಳಿನಿಂದ ತಂತಿಯನ್ನು ಮೆಲ್ಲಗೆ ಒತ್ತಿ. ಅಲ್ಲಿ ಬಿಲ್ಲಿನ ಹಾಗೆ ಬಾಗಿದ್ದ ತಂತಿ ನೇರವಾಗಿ ಕೂರುತ್ತದೆ. ಶ್ರುತಿ ಸರಿಯಾಗಿ ನಿಲ್ಲಲು ಇದು ಬೇಕು. ಇದೇ ಥರ ಎ, ಡಿ, ಜಿ.

ಹೆಜ್ಜೆ 9: ರಾತ್ರಿ ಕಳೆದ ಮೇಲೆ ಹೊಂದಿಸಿ

ಹಾಕಿದ ತಕ್ಷಣ ಟ್ರಸ್ ರಾಡ್ (ಕತ್ತಿನ ಬಾಗು ಹೊಂದಿಸುವ ಒಳಗಿನ ಸರಳು) ಮುಟ್ಟಬೇಡಿ. ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ಶ್ರುತಿ ಮಾಡಿ. ಆಮೇಲೆ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು.

ಬಿಗಿ ಫ್ಲ್ಯಾಟ್ ಹಾಕಿದರೆ ಕತ್ತು ಮುಂದಕ್ಕೆ ಬಾಗಿ ಸಂದು ಜಾಸ್ತಿಯಾಗಿರುತ್ತದೆ. ಟ್ರಸ್ ರಾಡ್ ಅನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಬಿಗಿ ಮಾಡಿ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಸಾಕು. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ತಿರುಗದೆ ಗಟ್ಟಿಯಾಗಿದ್ದರೆ ಬಲ ಹಾಕಬೇಡಿ, ರಿಪೇರಿ ಮಾಡುವವರ ಹತ್ತಿರ ಕೊಂಡುಹೋಗಿ.

ತಂತಿಯ ಎತ್ತರ ಹದಿನೇಳನೇ ಫ್ರೆಟ್‌ನಲ್ಲಿ ಇ ಕಡೆ ಸುಮಾರು 2.4, ಜಿ ಕಡೆ 2 ಮಿಲಿಮೀಟರ್ ಇದ್ದರೆ ಹೆಚ್ಚಿನ ಕೈಗಳಿಗೆ ಹಿತ. ಕೊನೆಗೆ ಹನ್ನೆರಡನೇ ಫ್ರೆಟ್. ಅಲ್ಲಿ ಬರೀ ತಾಗಿಸಿ ಬರುವ ಹಾರ್ಮೋನಿಕ್ ಮತ್ತು ಒತ್ತಿ ನುಡಿಸಿದ ಸ್ವರ ಎರಡೂ ಟ್ಯೂನರ್‌ನಲ್ಲಿ ಒಂದೇ ತೋರಿಸಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ ಸರಿಸಿ. ಇಳಿದಿದ್ದರೆ ಮುಂದಕ್ಕೆ. ದಪ್ಪ ಬದಲಾದಾಗ ಇದು ಬದಲಾಗಿಯೇ ಬದಲಾಗುತ್ತದೆ, ಬಿಟ್ಟರೆ ಮೇಲಿನ ಸ್ವರಗಳೆಲ್ಲ ಅಪಸ್ವರ.

ಹೆಜ್ಜೆ 10: ಒಂದು ತಿಂಗಳು ಕೊಡಿ

ಹೊಸ ಫ್ಲ್ಯಾಟ್ ಮೊದಲ ದಿನ ನೀವು ಅಂದುಕೊಂಡದ್ದಕ್ಕಿಂತ ಹೊಳಪಾಗಿ, ಸ್ವಲ್ಪ ಕಟುವಾಗಿ ಕೇಳಬಹುದು. ನುಡಿಸುತ್ತಾ ನುಡಿಸುತ್ತಾ ಮೆತ್ತಗಾಗುತ್ತದೆ. ಮೂರ್ನಾಲ್ಕು ವಾರ, ದಿನಾ ಅರ್ಧ ಗಂಟೆ ನುಡಿಸಿ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿ. ಹಳೆಯ ಪಂಚೆಯ ತುಂಡು ಇದಕ್ಕೆ ಅತ್ಯುತ್ತಮ. ಮಳೆಗಾಲದಲ್ಲಿ ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಬಲಗೈಯೂ ಬದಲಾಗಬೇಕು. ರೌಂಡ್‌ನಲ್ಲಿ ಬ್ರಿಡ್ಜ್ ಹತ್ತಿರ ಜೋರಾಗಿ ಮೀಟಿ ಅಭ್ಯಾಸ ಇದ್ದವರು ಫ್ಲ್ಯಾಟ್‌ನಲ್ಲಿ ಸ್ವಲ್ಪ ಮುಂದೆ, ಕತ್ತಿನ ಕಡೆ ಸರಿದು, ಮೆಲ್ಲಗೆ ಮೀಟಿ ನೋಡಿ. ದನಿ ಅಲ್ಲೇ ಅರಳುತ್ತದೆ.

ಬಿಚ್ಚಿದ ಹಳೆಯ ಸೆಟ್ ಎಸೆಯಬೇಡಿ. ಒಂದೊಂದನ್ನೂ ಅಗಲವಾದ ಬಳೆಯ ಹಾಗೆ ಸುತ್ತಿ ಲಕೋಟೆಗೆ ಹಾಕಿ, ಮೇಲೆ ಇ, ಎ, ಡಿ, ಜಿ ಎಂದೂ ತಾರೀಕನ್ನೂ ಬರೆದಿಡಿ. ತಿಂಗಳು ಕಳೆದ ಮೇಲೆ ಹಾಲ್‌ನ ಹಿಂದಿನ ಸಾಲಿನಲ್ಲಿ ನಿಂತು ಮತ್ತೆ ಕೇಳಿ, ಸಾಧ್ಯವಾದರೆ ಜೊತೆಗೆ ಹಾಡುವವರನ್ನೂ ಕೇಳಿ. ಹಳೆಯದೇ ಚೆನ್ನಾಗಿತ್ತು ಅಂದರೆ ಅದೇ ಬೇಸ್‌ಗೆ ಅದೇ ತಂತಿ ಮತ್ತೆ ಹಾಕಬಹುದು, ಮಡಿಕೆಗಳು ಹಳೆಯ ಜಾಗಕ್ಕೇ ಬಂದು ಕೂರುತ್ತವೆ. ನನ್ನ ಹಳೆಯ ರೌಂಡ್ ಸೆಟ್ ಎರಡು ವರ್ಷದಿಂದ ಲಕೋಟೆಯಲ್ಲೇ ಇದೆ.